ಊಂ ಎಂದ ಊರುಗಳು

ಅಟ್ಟದ ಮೇಲಿದ್ದ ಹಳೆಯ ಟ್ರಂಕನ್ನು ಇಳಿಸಿ ಒರೆಸುತ್ತಿದ್ದೆ. ಈಗ ನನಗೆ ಇಂಥ ಕೆಲಸ ಮಾಡು ಎನ್ನುವವರೂ ಇಲ್ಲ, ಬೇಡ ಎನ್ನುವವರೂ ಇಲ್ಲ. ಆದ್ದರಿಂದ ಬೇಸರವಾದಾಗಲೆಲ್ಲ ಒಂದು ಟ್ರಂಕು ಕೆಳಗಿಳಿಯುತ್ತದೆ. ತಳಕ್ಕೆ ಹಾಸಿದ್ದ ಕಾಗದವನ್ನು ಎಳೆದೆ. ಬೆರಳ ತುದಿಯೆಲ್ಲ ನೀಲಿ. ನೋಡಿದರೆ ಕಾರ್ಬನ್ ಹಾಳೆ! ನೀವು ಕಾರ್ಬನ್ ಹಾಳೆ ಕಂಡವರೋ ಅಲ್ಲವೋ ನನಗೆ ಗೊತ್ತಿಲ್ಲ. ಕಂಡಿದ್ದರೆ ಆ ವಾಸನೆಯನ್ನು ಮರೆತಿರಲಾರಿರಿ. ಸ್ವಲ್ಪ ಮೇಣ, ಸ್ವಲ್ಪ ಎಣ್ಣೆ, ಸ್ವಲ್ಪ ತಾಲ್ಲೂಕು ಕಚೇರಿ. ನನ್ನ ಕಣ್ಣು ಕೈಕೊಟ್ಟು ವರ್ಷಗಳಾದವು, ಮೊಣಕಾಲಿನ ಸುದ್ದಿ ಎತ್ತದಿರುವುದೇ ವಾಸಿ, ಆದರೆ ಮೂಗು ಮಾತ್ರ ಇನ್ನೂ ಪ್ರಾಯದಲ್ಲಿದೆ. ಹಾಳೆಯನ್ನು ಅದರ ಹತ್ತಿರ ತಂದದ್ದೇ ತಡ, ನಾನು ಮಂಡ್ಯದ ಸ್ಟೇಷನ್ ಕಡೆಯ ಬೀದಿಯ ಮಹಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೂತಿದ್ದೆ, ಮತ್ತು ಮೆಟ್ಟಿಲ ಕೆಳಗಿನಿಂದ ಒಂದು ದನಿ ಕೇಳುತ್ತಿತ್ತು: “ಅಮ್ಮಾವ್ರೇ, ಕಪ್ಪೆಗೆ ಪುರುಸೊತ್ತದಾ ಇವತ್ತು?”

ಎಪ್ಪತ್ತರ ದಶಕದ ಮಾತು. ನನ್ನ ವಯಸ್ಸು ಇಪ್ಪತ್ತೈದರ ಆಚೆ ಈಚೆ. ಮನೆಯಲ್ಲಿ ಅಮ್ಮ ಮತ್ತು ನಾನು. ತಂಗಿ ನಾಗು ನನಗಿಂತ ಮೊದಲೇ ಮದುವೆಯಾಗಿ ಹಾಸನಕ್ಕೆ ಹೋಗಿದ್ದಳು. ಬೆಳಗ್ಗೆ ಹುಡುಗ ಹುಡುಗಿಯರಿಗೆ ಎ ಎಸ್ ಡಿ ಎಫ್ ಕುಟ್ಟಿಸುವುದು, ಮಧ್ಯಾಹ್ನ ಊರವರ ಅರ್ಜಿ, ಕರಾರು, ವಕೀಲರ ನೋಟೀಸು ಟೈಪು ಮಾಡುವುದು ನನ್ನ ಕೆಲಸ. ಇನ್‌ಸ್ಟಿಟ್ಯೂಟಿನ ಯಜಮಾನರಿಗೆ ಟೈಪಿಂಗ್ ಬರುತ್ತಿರಲಿಲ್ಲ. ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಒಳಗಿನ ಸದ್ದು ಕೇಳಿಯೇ ಯಾವ ಮೆಷಿನ್ನಿಗೆ ಎಣ್ಣೆ ಬೇಕು ಎಂದು ಹೇಳುತ್ತಿದ್ದರು. ದಿನವಿಡೀ ಬೇರೆಯವರ ಮಾತು ನನ್ನ ಬೆರಳಿನ ಮೇಲೆ ಹಾದು ಹೋಗುತ್ತಿತ್ತು. ಯಾರೋ ಯಾರನ್ನೋ ಮನೆ ಬಿಡಿಸುವುದು, ಯಾರೋ ಯಾರಿಗೋ ಹೊಲ ಮಾರುವುದು. ಸಂಜೆ ಮನೆಗೆ ಬಂದರೆ ನನ್ನದು ಎನ್ನುವಂಥ ಒಂದು ಮಾತು ಉಳಿದಿರುತ್ತಿರಲಿಲ್ಲ. ಅಮ್ಮನೊಂದಿಗೆ ಇದ್ದದ್ದು ಎರಡೇ ವಿಷಯ, ಒಂದು ನಲ್ಲಿ ನೀರು, ಇನ್ನೊಂದು ನನ್ನ ಮದುವೆ. ಗಂಡಿನ ಕಡೆಯವರು ಬರುತ್ತಿದ್ದರು, ಉಪ್ಪಿಟ್ಟು ಕೇಸರಿಬಾತು ತಿನ್ನುತ್ತಿದ್ದರು, “ಹುಡುಗಿ ಲಕ್ಷಣವಾಗಿದ್ದಾಳೆ, ಊರಿಗೆ ಹೋಗಿ ಕಾಗದ ಬರೀತೀವಿ” ಎಂದು ಎದ್ದು ಹೋಗುತ್ತಿದ್ದರು. ಕಾಗದ ಬರುತ್ತಿರಲಿಲ್ಲ. ಅಮ್ಮ ಪ್ರತಿ ಸಲವೂ ಅಂಚೆಯವನಿಗೆ ಕಾಯುತ್ತಿದ್ದಳು. ನಾನು ಮೊದಮೊದಲು ಕಾದೆ, ಆಮೇಲೆ ಕೇಸರಿಬಾತಿಗೆ ತುಪ್ಪ ಕಡಿಮೆ ಮಾಡಿದೆ.

ಆ ದನಿಯ ಮೇಷ್ಟ್ರು ಬಂದದ್ದು ಇಂಥ ದಿನಗಳಲ್ಲಿ. ಅವರ ಹೆಸರು ಶಿವಣ್ಣ. ಯಲಿಯೂರಿನವರು, ಅಲ್ಲೇ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುತ್ತಿದ್ದರು. ರೈಲಿನಲ್ಲಿ ಬಂದು ಇಳಿದು, ಬಟ್ಟೆಚೀಲವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಇನ್‌ಸ್ಟಿಟ್ಯೂಟಿಗೆ ಬರುವಾಗ ಯಾರೂ ಚಪ್ಪಲಿ ಬಿಡುತ್ತಿರಲಿಲ್ಲ. ಹಾಳೆಗಳನ್ನು ನನ್ನ ಮುಂದಿಟ್ಟು, “ಇದು ಒಂದು ಪತ್ರಿಕೆಗೆ ಕಳಿಸೋದು. ಡಬಲ್ ಸ್ಪೇಸ್ ಬೇಕಂತೆ, ಮೂರು ಕಾಪಿ” ಎಂದರು. ನಾನು ಇಂಗ್ಲಿಷಿನ ಮೊದಲ ಸಾಲು ಓದಿದೆ. ಕಪ್ಪೆ. ಎರಡನೆಯ ಸಾಲು ಓದಿದೆ. ಅದೂ ಕಪ್ಪೆ. ತಲೆಯೆತ್ತಿ ಅವರ ಮುಖ ನೋಡಿದೆ. ತಮಾಷೆ ಮಾಡುವ ಮುಖವಾಗಿರಲಿಲ್ಲ.

ನಿಮಗೂ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೈಯೆಲ್ಲ ಹಳದಿಯಾಗಿ, ಗಂಟಲಿನ ಎರಡು ಪಕ್ಕ ನೀಲಿ ಚೀಲ ಊದಿಸಿಕೊಂಡು ಕೂಗುವ ದಪ್ಪ ಕಪ್ಪೆಯಿದೆಯಲ್ಲ, ಅದರ ವಿಷಯ. ಎಲ್ಲ ಕಡೆಯೂ ಅದು ಮಳೆ ನೋಡಿ ಕೂಗುತ್ತದೆ. ಆದರೆ ಯಲಿಯೂರಿನಲ್ಲಿ ಮೇಷ್ಟ್ರ ಮನೆಯ ಹಿಂದಿನ ಹಳ್ಳದಲ್ಲಿ ಹಾಗಲ್ಲ. ಮಳೆ ಬಂದು ಹೋದರೂ ಅಲ್ಲಿನ ಕಪ್ಪೆಗಳು ತೆಪ್ಪಗಿದ್ದು, ನಾಲೆಗೆ ನೀರು ಬಿಟ್ಟ ಮೇಲೆ ಬಾಯಿ ತೆರೆಯುತ್ತಿದ್ದವು. ಮೇಷ್ಟ್ರು ಅದನ್ನು ವರ್ಷ ವರ್ಷವೂ ಹಿತ್ತಿಲ ಕಲ್ಲಿನ ಮೇಲೆ ಕೂತು ಕಿವಿಯಾರೆ ಕೇಳಿದ್ದರು. ನಾಲೆ ಬಂದು ನಮ್ಮ ಕಡೆಯ ಕಪ್ಪೆಗಳ ಪಂಚಾಂಗವನ್ನೇ ಬದಲಾಯಿಸಿದೆ ಎನ್ನುವುದು ಅವರ ವಾದ.

“ಅಂದರೆ ಮೇಷ್ಟ್ರೇ, ನಮ್ಮ ಕಪ್ಪೆಗಳು ಆಕಾಶ ಬಿಟ್ಟು ನೀರಾವರಿ ಇಲಾಖೆ ನಂಬಿಕೊಂಡಿವೆ ಅಂತಲಾ?” ಎಂದೆ.

ಅವರು ನಗುತ್ತಾರೆಂದುಕೊಂಡೆ. ಅವರು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನೇ ಬರೆದುಕೊಂಡರು. “ಇದನ್ನ ಇಂಗ್ಲೀಷಲ್ಲಿ ಹೆಂಗೆ ಹಾಕೋದು ಅಮ್ಮಾವ್ರೇ?” ಎಂದು ಕೇಳಿದರು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಆ ಸಂಜೆ ಮನೆಗೆ ನಡೆಯುವಾಗ ಸೆರಗು ಸರಿಮಾಡಿಕೊಂಡೆನೆಂದು ಕಾಣುತ್ತದೆ.

ನೀವು ಏನೆಂದುಕೊಳ್ಳುತ್ತಿದ್ದೀರೆಂದು ನನಗೆ ಗೊತ್ತು. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ನನಗೇನು ನಾಚಿಕೆ? ಅವರಿಗೂ ಮದುವೆಯಾಗಿರಲಿಲ್ಲ, ಏಕೆಂದು ನಾನು ಕೇಳಲಿಲ್ಲ. ನನ್ನನ್ನು ಅವರೂ ಕೇಳಲಿಲ್ಲ. ಮಂಡ್ಯದಂಥ ಊರಿನಲ್ಲಿ ಆ ಪ್ರಶ್ನೆ ಕೇಳದ ಮನುಷ್ಯ ಸಿಗುವುದೇ ಅಪರೂಪವಾಗಿತ್ತು. ನಮ್ಮಿಬ್ಬರ ನಡುವೆ ಇದ್ದದ್ದು ಕಪ್ಪೆ ಮಾತ್ರ. ಅಮ್ಮನಿಗೆ ಈ ವಿಷಯ ಹೇಳಿದಾಗ ಅವಳು, “ಮಡೀಲಿದ್ದೀನಿ, ಅದರ ಹೆಸರೆತ್ತಬೇಡ” ಎಂದು ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು.

ಟೈಪು ಮಾಡುವುದು ಸುಲಭವಿರಲಿಲ್ಲ. ಕಪ್ಪೆಯ ಲ್ಯಾಟಿನ್ ಹೆಸರಿನ ಕೆಳಗೆ ಗೆರೆ ಎಳೆಯಬೇಕು. ಪ್ರತಿ ಸಲವೂ ಅಕ್ಷರ ಅಕ್ಷರವಾಗಿ ಹಿಂದಕ್ಕೆ ಬಂದು ಗೆರೆ ಹೊಡೆಯಬೇಕು. ಒಂದು ತಪ್ಪಾದರೆ ಮೂರು ಹಾಳೆ, ಎರಡು ಕಾರ್ಬನ್ನು, ಎಲ್ಲವನ್ನೂ ಸರಿಸಿ ಒರೆಸಬೇಕು. ಮೇಷ್ಟ್ರು ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೊಂದು ವಾಕ್ಯಕ್ಕೂ ಅರ್ಥ ಹೇಳುತ್ತಿದ್ದರು. ನನಗೆ ಅರ್ಥ ಬೇಕಿರಲಿಲ್ಲ, ಸ್ಪೆಲ್ಲಿಂಗ್ ಸಾಕಿತ್ತು. ಆದರೆ ಅವರಿಗೆ ಹೇಳಬೇಕಿತ್ತು. ಶಾಲೆಯಲ್ಲಿ ಮಿಕ್ಕ ಮೇಷ್ಟ್ರುಗಳು ಅವರನ್ನು ಕಂಡರೆ ‘ವಟ ವಟ’ ಎಂದು ಕೆಮ್ಮುತ್ತಿದ್ದರಂತೆ. ಊರಲ್ಲಿ ಇನ್ನೊಂದು ಬಗೆಯ ಪುಕಾರು. ಕಪ್ಪೆಯ ಕಾಲುಗಳು ಹಡಗು ಹತ್ತಿ ಫಾರಿನ್ನಿಗೆ ಹೋಗುತ್ತವಂತೆ, ಈತ ಅದರ ಏಜೆಂಟನಂತೆ ಎಂದು. ತಮ್ಮ ಮಾತನ್ನು ಕೇಳಿಸಿಕೊಳ್ಳುವವರು ಯಲಿಯೂರಿನಲ್ಲಿ ಯಾರೂ ಇಲ್ಲದೆ ಮೇಷ್ಟ್ರು ಮಂಡ್ಯದ ಟೈಪಿಸ್ಟಿನವರೆಗೆ ಬಂದಿದ್ದರು.

“ನಾವು ಗಮನಿಸಿದೆವು ಅಂತ ಬರೆದಿದ್ದೀರಲ್ಲ, ನಾವು ಅಂದರೆ ಯಾರು?” ಎಂದು ಒಮ್ಮೆ ಕೇಳಿದೆ.

“ಹಂಗೇ ಬರೀಬೇಕಂತೆ. ವಿ.ಸಿ. ಫಾರಂನಲ್ಲಿ ಬೆಳೆ ಸಂಶೋಧನೆ ಮಾಡೋರು, ನಂಗೆ ಗೊತ್ತಿರೋರು ಒಬ್ರವ್ರೆ, ಅವ್ರು ಹೇಳಿದ್ರು.” ಬೆರಳು ಎಣಿಸುತ್ತಾ ಹೇಳಿದರು, “ನಾನು, ಹಳ್ಳ, ಕಪ್ಪೆ. ಮೂರು ಜನ ಆಗಲ್ವಾ?”

ಪತ್ರಿಕೆಯಲ್ಲಿ ಲೇಖಕರ ಹೆಸರಿನ ಕೆಳಗೆ ಸಂಸ್ಥೆಯ ಹೆಸರು ಹಾಕುವ ಪದ್ಧತಿ. ಬೇರೆಯವರದೆಲ್ಲ ದೊಡ್ಡ ದೊಡ್ಡ ಕಾಲೇಜುಗಳು, ಇಲಾಖೆಗಳು. ಶಾಲೆಯ ಹೆಸರು ಹಾಕಲು ಮೇಲಿನವರ ಅಪ್ಪಣೆ ಬೇಕೆಂದು ಹೆಡ್ಮಾಸ್ಟರು ಕೈತೊಳೆದುಕೊಂಡರಂತೆ. ಕೊನೆಗೆ ‘ಯಲಿಯೂರು, ಮಂಡ್ಯ ಜಿಲ್ಲೆ’ ಎಂದಷ್ಟೇ ಹೊಡೆದೆ. ಆ ಬಿಳಿಯ ಹಾಳೆಯ ನಡುವೆ ಆ ಸಾಲು ತೀರಾ ಒಂಟಿಯಾಗಿ ಕಂಡಿತು. ಇದೆಲ್ಲ ಯಾಕೆ ಬೇಕು ಮೇಷ್ಟ್ರೇ, ಅಚ್ಚಾದರೆ ಏನು ಸಿಗುತ್ತದೆ ಎಂದು ಕೇಳಿದ್ದಕ್ಕೆ ಅವರು ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು:

“ಅಚ್ಚಾದ್ರೆ ಎಲ್ಲೋ ಒಬ್ಬ ಓದ್ತಾನೆ ಅಮ್ಮಾವ್ರೇ. ತಂಜಾವೂರೋ, ಬಂಗಾಳವೋ, ನಾಲೆ ಇರೋ ಒಂದೂರು. ಓದಿ ಒಂದು ಕಾರ್ಡು ಹಾಕ್ತಾನೆ, ನಮ್ಮೂರಲ್ಲೂ ಹಿಂಗೇ ಕಂಡ್ರೀ ಅಂತ. ಅಷ್ಟೇ. ನಂಗೂ ಮಾತಾಡಕ್ಕೆ ಒಬ್ಬ ಸಿಕ್ತಾನೆ.”

ಲೇಖನ ಹೋಯಿತು, ತಿಂಗಳುಗಳ ಮೇಲೆ ವಾಪಸು ಬಂತು. ಬೈದಿರಲಿಲ್ಲ. ಸಂಪಾದಕರು ಮರ್ಯಾದೆಯಾಗಿಯೇ ಬರೆದಿದ್ದರು: ವಿಷಯ ಹೊಸದಾಗಿದೆ, ಆದರೆ ಒಂದೂರಿನ ಒಂದು ಹಳ್ಳದ ಮಾತನ್ನು ಹಿಡಿದು ಹೀಗೆ ಹೇಳಲಾಗದು. ನಾಲೆಯಿರುವ ಬೇರೆ ಊರುಗಳಲ್ಲಿ, ನಾಲೆಯಿಲ್ಲದ ಊರುಗಳಲ್ಲಿ ಏನಾಗುತ್ತದೆಂದು ನೋಡಿ, ಅಲ್ಲಿನ ಜನರ ನೆರವು ಪಡೆದು ಮತ್ತೆ ಕಳಿಸಿ. ಮೇಷ್ಟ್ರಿಗೆ ಅದು ತಿರಸ್ಕಾರವೆನ್ನಿಸಲೇ ಇಲ್ಲ. ಯಾರೋ ಓದಿದ್ದಾರೆ! ಓದಿ ಪ್ರಶ್ನೆ ಕೇಳಿದ್ದಾರೆ! ಯಜಮಾನರಿಗೆ, ನನಗೆ, ಮೆಷಿನ್ನಿನ ಮುಂದೆ ಕೂತಿದ್ದವರಿಗೆಲ್ಲ ಬೆಲ್ಲ ಹಂಚಿದರು. “ವಾಪಸ್ ಬಂದಿದ್ಕೆ ಬೆಲ್ಲ ಹಂಚೋನ್ನ ಇವತ್ತೇ ನೋಡಿದ್ದು ಕಣಪ್ಪ” ಎಂದರು ಯಜಮಾನರು, ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ.

ಅಲ್ಲಿಂದ ಮುಂದೆ ಮೇಷ್ಟ್ರ ಭಾನುವಾರಗಳೆಲ್ಲ ಬಸ್ಸಿಗೆ ಹೋದವು. ನಾಲೆಯ ನೀರು ಕಂಡ ಮಂಡ್ಯ ಮದ್ದೂರಿನ ಕಡೆಯ ಹಳ್ಳಿಗಳು, ಆಗಿನ್ನೂ ಮಳೆಯನ್ನೇ ನಂಬಿದ್ದ ಮಳವಳ್ಳಿ ಕಡೆಯ ಹಳ್ಳಿಗಳು. ಹೋದಲ್ಲೆಲ್ಲ ಜನರಿಗೆ ಯಾವ ಕಪ್ಪೆ, ಎಂಥ ಕೂಗು ಎಂದು ತಾವೇ ಕೂಗಿ ತೋರಿಸುತ್ತಿದ್ದರು. ಮುಂದಿನ ಸಲ ಹೋದಾಗ ಅದು ಯಾವಾಗ ಕೂಗಿತೆಂದು ಕೇಳುತ್ತಿದ್ದರು. ಎರಡು ಮಳೆಗಾಲ ಹೀಗೆ ಕಳೆಯಿತು. ಸೋಮವಾರ ಬಂದು ನನ್ನ ಮುಂದೆ ಊರುಗಳ ಹೆಸರು ಹೇಳುತ್ತಿದ್ದರು. ಎಲ್ಲ ಊರೂ ಅವರ ಮಾತಿಗೆ ಹೂಂಗುಟ್ಟುತ್ತಿತ್ತು. ನಾಲೆಯ ಊರಲ್ಲಿ ನೀರು ಬಿಟ್ಟ ಮೇಲೆ, ಬಯಲಿನ ಊರಲ್ಲಿ ಮಳೆ ಬಿದ್ದ ಮೇಲೆ. ಒಂದೂರೂ ತಪ್ಪಲಿಲ್ಲ. ನಾನು ಎರಡನೆಯ ಸಲ ಇಡೀ ಲೇಖನವನ್ನು ಟೈಪು ಮಾಡಿದೆ. ಈಗ ಅದು ದಪ್ಪವಾಗಿತ್ತು, ಅದರಲ್ಲಿ ‘ನಾವು’ ಎನ್ನುವುದಕ್ಕೆ ನಿಜವಾಗಿಯೂ ಜನರಿದ್ದರು. ಅದನ್ನು ಒಪ್ಪಿಕೊಂಡಿದ್ದೇವೆ, ಮುಂದಿನ ಸಂಚಿಕೆಗಳಲ್ಲೊಂದರಲ್ಲಿ ಹಾಕುತ್ತೇವೆ ಎಂದು ಪತ್ರ ಬಂದ ದಿನ ಮೇಷ್ಟ್ರು ಬೆಲ್ಲ ತರುವುದನ್ನೂ ಮರೆತಿದ್ದರು. ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ನಾನು ಮೆಷಿನ್ನಿನ ಕೆಲಸ ನಿಲ್ಲಿಸಿ ಅವರ ಜೊತೆ ಸುಮ್ಮನೆ ಕೂತೆ.

ತಮಗೆ ನೆರವಾದವರಿಗೆಲ್ಲ ಸುದ್ದಿಯನ್ನು ತಾವೇ ಹೋಗಿ ಹೇಳಬೇಕೆಂದು ಅವರಿಗೆ ಆಸೆ. ಆ ಹೊತ್ತಿಗೆ ಅಮ್ಮನಿಗೆ ಮಳವಳ್ಳಿಯಲ್ಲಿ ನೆಂಟರ ಮನೆಯ ನಾಮಕರಣವಿತ್ತು. ನಾವು ಮೂವರೂ ಒಂದೇ ಬಸ್ಸು ಹತ್ತಿದೆವು. ನಾಮಕರಣ ಮುಗಿದ ಮೇಲೆ ಹತ್ತಿರದ ಒಂದು ಹಳ್ಳಿಗೆ ಅಮ್ಮನೂ ಬಂದಳು. ಕಪ್ಪೆಯೆಂದರೆ ಮೂಗು ಮುರಿಯುತ್ತಿದ್ದ ಅಮ್ಮನಿಗೆ ಬಸ್ಸಿನ ಪ್ರಯಾಣವೆಂದರೆ ಪ್ರಾಣ. ಅಲ್ಲಿ ಮೇಷ್ಟ್ರಿಗೆ ನೆರವಾಗಿದ್ದ ಮನೆಯ ಒಡತಿ ಕೆಂಪಮ್ಮ. ಅವರ ಗಂಡ ಜಗಲಿಯ ಮೇಲೆ ಚಾಪೆ ಹಾಸಿ ಮೇಷ್ಟ್ರನ್ನೂ ಅಮ್ಮನನ್ನೂ ಕೂರಿಸಿದರು. ಅವರೆಕಾಯಿ ಕಾಲ, ಹಿತ್ತಿಲಲ್ಲಿ ಕೆಂಪಮ್ಮ ಮೊರದ ತುಂಬ ಕಾಯಿ ಹರವಿಕೊಂಡಿದ್ದರು. ನಾನೂ ಹೋಗಿ ಸುಲಿಯಲು ಕೂತೆ. ಅವರ ಹೆಸರನ್ನು ಲೇಖನದ ಕೊನೆಯಲ್ಲಿ ನಾನೇ ಟೈಪು ಮಾಡಿದ್ದೆನಲ್ಲ, ಅದನ್ನು ಹೇಳಿ ಅವರ ಮುಖ ಅರಳುವುದನ್ನು ನೋಡಬೇಕೆಂದಿತ್ತು.

“ಮೊದಲ ಮಳೆಗೆ ಕಪ್ಪೆ ಕೂಗಿದ್ದನ್ನ ನೀವೇ ಕೇಳಿ ಹೇಳಿದ್ರಂತೆ?” ಎಂದೆ.

“ಯಾವ ಕಪ್ಪೆ ಕಣವ್ವ?”

“ಅದೇ, ಮೇಷ್ಟ್ರು ಕೇಳ್ತಿದ್ರಲ್ಲ.”

ಕೆಂಪಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಅಯ್ಯೋ ಬುಡವ್ವ. ಕಪ್ಪೆ ಯಾವತ್ತು ಕೂಗ್ತು ಅಂತ ಯಾರು ಕುಂತ್ಕಂಡು ಕೇಳ್ತಾರೆ? ಮಳೆ ಉಯ್ತು ಅಂದ್ರೆ ಸೋರೋ ಕಡೆಗೆಲ್ಲ ಮಡಕೆ ಇಡೋದೇ ಆಯ್ತದೆ ನಮ್ಗೆ.”

“ಮತ್ತೆ ಅವರಿಗೆ ಹೇಳಿದ್ದು?”

“ಪಾಪ, ಆ ಮೇಷ್ಟ್ರು ಬಿಸ್ಲಲ್ಲಿ ಅಷ್ಟು ದೂರದಿಂದ ಬತ್ತಾರೆ. ಮಳೆ ಬಿದ್ಮೇಲೆ ತಾನೆ ಕೂಗಿದ್ದು ಕೆಂಪಮ್ಮ ಅಂತ ಆಸೆ ಪಟ್ಕಂಡು ಕೇಳ್ತಾರೆ. ಗೊತ್ತಿಲ್ಲ ಅಂದ್ರೆ ಮೊಕ ಸಣ್ಣಗೆ ಮಾಡ್ಕತ್ತಾರೆ. ಮನೆಗೆ ಬಂದೋರ್ನ ಬರಿಗೈಲಿ ಯೆಂಗವ್ವ ಕಳ್ಸೋದು? ಅದ್ಕೇ ಊಂ ಅಂತೀವಿ. ಒಂದ್ ಲೋಟ ಮಜ್ಗೆ ಕೊಡ್ತೀವಿ.”

“ಎಲ್ಲರೂ ಹೀಗೇ ಅಂದ್ರಾ?”

“ಪಕ್ಕದಳ್ಳೀಲಿ ನಮ್ಮ ನಾದ್ನಿನೂ ಅಂಗೇ ಅಂದ್ಲಂತೆ. ಕಪ್ಪೆ ಕೂಗ್ತು ಅಂದ್ರೆ ಯಾರ ಗಂಟೋಯ್ತದೆ ಏಳು?”

ಯಾರ ಗಂಟೂ ಹೋಗುವುದಿಲ್ಲ. ಕೈಯಲ್ಲಿದ್ದ ಕಾಯಿ ಸುಲಿಯದೆ ಹಾಗೇ ಕೂತೆ. ಜಗಲಿಯಿಂದ ಮೇಷ್ಟ್ರ ನಗು ಕೇಳುತ್ತಿತ್ತು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಕೆಂಪಮ್ಮನ ಮೇಲೆ ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ನನ್ನನ್ನು ನೋಡಿ ಹೋದವರೂ ಕಾಗದ ಬರೀತೀವಿ ಎಂದದ್ದು ಇಂಥದ್ದೇ ದಾಕ್ಷಿಣ್ಯದಿಂದಲ್ಲವೇ? ಯಾರಿಗೂ ಎದುರಿನವರ ಮುಖ ಬಾಡುವುದನ್ನು ನೋಡುವ ಧೈರ್ಯವಿಲ್ಲ. ಬಾಡುವ ಮುಖ ಆಮೇಲೆ ಒಂಟಿಯಾಗಿ ಬಾಡಿಕೊಳ್ಳಲಿ ಎಂದು ಎದ್ದು ಹೋಗುತ್ತಾರೆ.

ಬಸ್ಸಿನಲ್ಲಿ ಮೇಷ್ಟ್ರಿಗೆ ಹೇಳಿದೆ. ಅಮ್ಮ ಕಿಟಕಿಗೆ ಒರಗಿ ತೂಕಡಿಸುತ್ತಿದ್ದಳು. ಹೇಳದೆ ಬಿಟ್ಟಿದ್ದರೆ ಲೇಖನ ಅಚ್ಚಾಗುತ್ತಿತ್ತು, ಅವರಿಗೆ ಬೇಕಾದ ಕಾರ್ಡು ಬಂದರೂ ಬರುತ್ತಿತ್ತು. ಅದನ್ನೆಲ್ಲ ಯೋಚಿಸಿಯೇ ಹೇಳಿದೆ. ತಂಜಾವೂರಿನ ಯಾವನೋ ಒಬ್ಬ ನಮ್ಮೂರಲ್ಲೂ ಹೀಗೇ ಎಂದು ಕಾರ್ಡು ಬರೆದಾಗ, ಇವರು ಯಾವುದಕ್ಕೆಂದು ಖುಷಿಪಡಬೇಕು? ಮೇಷ್ಟ್ರು ಹೊರಗೆ ನೋಡುತ್ತಾ ಕೇಳಿಸಿಕೊಂಡರು. “ಕೆಂಪಮ್ಮ ಒಬ್ರೇನಾ?” ಎಂದರು. ನಾದಿನಿಯೂ ಅಂತೆ ಎಂದೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಅಮ್ಮನಿಗೆ ವಡೆ ಕೊಡಿಸಿ, “ಬಿಸಿಯಾಗವೆ ತಾಯಿ, ತಿನ್ನಿ” ಎಂದರು. ತಾವು ತಿನ್ನಲಿಲ್ಲ.

ಆಮೇಲೆ ಕೆಲವು ವಾರ ಅವರು ಬರಲಿಲ್ಲ. ನಾನು ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ವಕೀಲರ ನೋಟೀಸಿನಲ್ಲಿ ತಪ್ಪು ಹೊಡೆದೆ. ಬಂದ ದಿನ ಸ್ಟೂಲಿನ ಮೇಲೆ ಕೂತು ನಗಲು ಶುರುಮಾಡಿದರು. ಊರೂರಿಗೆ ಮತ್ತೆ ಹೋಗಿದ್ದರಂತೆ. ಈ ಸಲ ಬೇರೆ ಪ್ರಶ್ನೆ ಕೇಳಿದರಂತೆ. ಅಂಥದ್ದೊಂದು ಪ್ರಾಣಿ ನಮ್ಮ ಸೀಮೆಯಲ್ಲೇ ಇಲ್ಲ, ಆದರೂ ಕೇಳಿದರಂತೆ: “ಕೊಂಬಿನ ಕಪ್ಪೆ ಕೂಗ್ತಾ ಈ ಸಲ, ನಾಲೆ ನಿಂತ ಮೇಲೆ?”

“ಏನಂದ್ರು?”

“ಊಂ ಮೇಷ್ಟ್ರೇ, ಕೂಗ್ತು ಅಂದ್ರು. ಕೊಕ್ಕರೆ ಬೆಳ್ಳೂರಿನ ಪಕ್ಕದಲ್ಲೊಂದೂರು. ಅಲ್ಲಿನೋರ್ಗೆ ಕೊಕ್ಕರೆ ಬಗ್ಗೆ ಕೇಳಿ, ಯಾವ ಹುಣಸೆಮರದಲ್ಲಿ ಯಾವತ್ತು ಗೂಡು ಹಾಕ್ತು, ಎಲ್ಲ ಹೇಳ್ತಾರೆ, ಒಂದೂ ಸುಳ್ಳಿಲ್ಲ. ಯಾಕಂದ್ರೆ ಅದು ಅವ್ರದ್ದು. ಕಪ್ಪೆ ನಂದು. ನನ್ನ ಕಪ್ಪೇನ ಅವ್ರು ಯಾಕೆ ಕೇಳಿಸ್ಕೋಬೇಕು? ನನ್ನ ಸಮಾಧಾನಕ್ಕೆ ಒಬ್ಬ ಅಂತೂ ಕೊಂಬು ಇಷ್ಟುದ್ದ ಇತ್ತು ಅಂದ.” ತೋರುಬೆರಳು ಮಡಿಸಿ ತೋರಿಸಿದರು. ನಗು ನಿಂತಿತು. ಚೀಲದಿಂದ ಸಂಪಾದಕರಿಗೆ ಬರೆದಿದ್ದ ಪತ್ರ ತೆಗೆದರು. ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ, ಯಲಿಯೂರಿನದು ಬಿಟ್ಟು ಮಿಕ್ಕ ಊರುಗಳ ವಿವರ ನಂಬುವಂಥದ್ದಲ್ಲ, ಕೇಳಿದ ನನ್ನದೇ ತಪ್ಪು, ಹೇಳಿದವರದಲ್ಲ. ಇಷ್ಟೇ ಇತ್ತು.

ಯಜಮಾನರಿಗೆ ತಡೆಯಲಾಗಲಿಲ್ಲ. “ಬುಡಿ ಮೇಷ್ಟ್ರೇ, ಯಾವನು ಬಂದು ನಮ್ಮ ಅಳ್ಳೀಲಿ ಕಪ್ಪೆ ಕೇಳ್ತಾನೆ? ಅಚ್ಚಾಗ್ಲಿ ಬುಡಿ.”

“ನಾನು ಕೇಳ್ತೀನಲ್ಲ ಯಜಮಾನ್ರೇ” ಎಂದರು ಮೇಷ್ಟ್ರು.

ಆ ಪತ್ರದ ಜೊತೆಗೆ ಅರ್ಧ ಪುಟದ ಒಂದು ಟಿಪ್ಪಣಿಯನ್ನೂ ಕಳಿಸಿದರು. ಯಲಿಯೂರಿನ ಒಂದು ಹಳ್ಳದಲ್ಲಿ ತಾವೇ ಕೇಳಿದ್ದು, ಅಷ್ಟೇ. ಟೈಪು ಮಾಡುವಾಗ, “‘ನಾವು’ ತೆಗೆದು ‘ನಾನು’ ಅಂತ ಹಾಕಿ” ಎಂದರು. ಹಾಕಿದೆ.

ಆ ಟಿಪ್ಪಣಿ ಅಚ್ಚಾಯಿತು. ಬೇರೆ ಯಾರದೋ ಉದ್ದನೆಯ ಲೇಖನ ಮುಗಿದು ಪುಟದ ಕೆಳಗೆ ಉಳಿದ ಜಾಗದಲ್ಲಿ ಅದನ್ನು ಹಾಕಿದ್ದರು. ಮೇಷ್ಟ್ರು ಪತ್ರಿಕೆಯನ್ನು ತಂದು ತೋರಿಸಿ, ಪುಟದ ಮೇಲೆ ಕೈಯಾಡಿಸಿ, ಮತ್ತೆ ಚೀಲಕ್ಕೆ ಸೇರಿಸಿದರು. ಮಾರನೆಯ ವಾರದಿಂದ ಕಾಯುವುದು ಶುರು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. “ಅಂಚೆ ಏನಾದ್ರೂ ಸರಿಯಾಗಿ ಬರ್ತಾ ಇದ್ಯಾ ಮಂಡ್ಯಕ್ಕೆ?” ಎಂದು ಕೇಳುತ್ತಿದ್ದರು. ನಾನು ಅಂಚೆಗೆ ಕಾಯುವ ಮನೆಯವಳು. ಆ ಪ್ರಶ್ನೆ ಕೇಳುವವರ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಒಂದು ಕಾರ್ಡನ್ನು ರೋಲರಿಗೆ ಏರಿಸಿದೆ. ದೂರದ ಊರಿನ, ನಾಲೆಯ ಪಕ್ಕದ ಯಾರೋ ಒಬ್ಬರು ಬರೆದಂತೆ ಎರಡು ಸಾಲು. ಇಂಗ್ಲಿಷ್ ನನಗೆ ಬರುತ್ತಿತ್ತು, ಕಪ್ಪೆಯ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಆ ತಾಲ್ಲೂಕಿನಲ್ಲಿ ಅವರೊಬ್ಬರೇ. ದೂರದೂರಿನ ಅಂಚೆ ಮುದ್ರೆಯನ್ನು ಎಲ್ಲಿಂದ ತರುವುದು ಎನ್ನುವಷ್ಟು ದೂರ ಯೋಚನೆ ಹೋಗಲೇ ಇಲ್ಲ. ಬೆರಳು ಕೀಲಿಯ ಮೇಲೆ ಇಟ್ಟೆ. ಕೆಂಪಮ್ಮ ನೆನಪಾದರು. ನಾನೂ ಇವರಿಗೆ ಮಜ್ಜಿಗೆ ಕೊಟ್ಟು ಕಳಿಸುವವಳೇ ಆಗಿಬಿಟ್ಟರೆ ಇವರಿಗೆ ಇನ್ಯಾರು? ಕಾರ್ಡನ್ನು ಹಾಗೇ ಈಚೆಗೆ ತೆಗೆದೆ.

ಮುಂದಿನ ಸಲ ಬಂದಾಗ ಅವರೇ ಕೇಳಿದರು, “ಯಾರಾದ್ರೂ ಬರೀತಾರಾ ಅಮ್ಮಾವ್ರೇ?”

“ಇಲ್ಲ ಮೇಷ್ಟ್ರೇ. ಬರೆಯೋ ಹಾಗೆ ಕಾಣಲ್ಲ.”

ಅವರ ಮುಖ ಸಣ್ಣದಾಯಿತು. ಕೆಂಪಮ್ಮ ಹೇಳಿದ್ದು ನಿಜ, ನೋಡಲಾಗುತ್ತಿರಲಿಲ್ಲ. ನೋಡಿದೆ. ಸ್ಟೂಲು ಹತ್ತಿರಕ್ಕೆ ಎಳೆದು, “ಈ ಸಲ ಯಾವತ್ತು ಕೂಗಿದ್ವು, ಹೇಳಿ” ಎಂದೆ. ಅವರು ಹೇಳಿದರು. ಮಳೆ ಹೇಗೆ ಬಂದು ಹೋಯಿತು, ನಾಲೆಗೆ ನೀರು ಬಿಟ್ಟ ಮೇಲೆ ಹಳ್ಳದಲ್ಲಿ ಅದು ಹೇಗೆ ನಿಂತಿತು, ಮೊದಲು ಒಂದು, ಆಮೇಲೆ ಆಚೆ ದಡದಿಂದ ಇನ್ನೊಂದು. ಕತ್ತಲಾಗುವವರೆಗೆ ಹೇಳಿದರು. ಯಜಮಾನರು ಎರಡು ಸಲ ಕೆಮ್ಮಿ ಬೀಗದ ಕೈ ಅಲ್ಲಾಡಿಸಿದರು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಮೇಷ್ಟ್ರು ಅಂದರು: “ಊರೂರು ಸುತ್ತಿದೆ ಅಮ್ಮಾವ್ರೇ. ನಂಗೆ ಇಲ್ಲ ಅಂದೋರು ನೀವೊಬ್ರೇ. ಮಿಕ್ಕೋರೆಲ್ಲ ನನ್ನ ಬೀಳ್ಕೊಟ್ರು. ನೀವು ಕೂರಿಸ್ಕೊಂಡ್ರಿ.”

ಅದಾದ ಮೇಲೆ ಅವರಿಗೆ ವರ್ಗವಾಯಿತು, ಮಲೆನಾಡಿನ ಕಡೆಯ ಯಾವುದೋ ಜಿಲ್ಲೆಗೆ. ಅಲ್ಲಿ ನಾಲೆಯಿಲ್ಲ, ಮಳೆಗೇನೂ ಬರವಿಲ್ಲ. ಕಪ್ಪೆಗಳು ಹಳೆಯ ಪಂಚಾಂಗದಂತೆಯೇ ಕೂಗುತ್ತಿದ್ದಿರಬೇಕು. ಹೋದವರ ಸುದ್ದಿ ತಿಳಿಯಲಿಲ್ಲ. ವಿಳಾಸ ಕೇಳಿಟ್ಟುಕೊಳ್ಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಕೇಳಲಿಲ್ಲ. ಇನ್‌ಸ್ಟಿಟ್ಯೂಟಿನಲ್ಲಿ ಆ ಸ್ಟೂಲಿನ ಮೇಲೆ ಕಾಗದದ ಕಟ್ಟು ಇಟ್ಟರು. ನಾನು ಬಹಳ ವರ್ಷ ಬೇರೆಯವರ ಮಾತು ಟೈಪು ಮಾಡಿದೆ. ಅಮ್ಮ ಹೋದಳು. ಯಜಮಾನರು ಹೋದರು. ಟೈಪ್‌ರೈಟರುಗಳು ಹೋದವು. ನನಗೆ ಅವರ ನೆನಪು ದಿನವೂ ಬರುತ್ತಿತ್ತೆಂದರೆ ಸುಳ್ಳಾಗುತ್ತದೆ. ಮಳೆ ಬಂದ ದಿನ ಬರುತ್ತಿತ್ತು, ಆಗ ಮಾತ್ರ ಬಹಳ ಬರುತ್ತಿತ್ತು.

ಕೈಯ ನೀಲಿಯನ್ನು ಸೋಪು ಹಾಕಿ ತಿಕ್ಕುತ್ತಿರುವಾಗ ಫೋನು ಬಡಿದುಕೊಂಡಿತು. ತಂಗಿ ನಾಗು. ಈಗಲೂ ಹಾಸನದಲ್ಲೇ ಇದ್ದಾಳೆ. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಅವಳು ಹೇಗಿದ್ದೀಯ ಎನ್ನುತ್ತಾಳೆ, ನಾನು ಚೆನ್ನಾಗಿದ್ದೀನಿ ಎನ್ನುತ್ತೇನೆ, ಊಟ ಆಯ್ತಾ ಎನ್ನುತ್ತಾಳೆ, ಆಯ್ತು ಎನ್ನುತ್ತೇನೆ. ಅವಳ ಮಂಡಿನೋವಿನ ವಿಷಯ ಕೇಳುತ್ತೇನೆ, ಪರವಾಗಿಲ್ಲ ಎನ್ನುತ್ತಾಳೆ. ಅಷ್ಟು ದೂರದಿಂದ ಪಾಪ ಕೇಳುತ್ತಾಳೆ, ಮುಖ ಸಣ್ಣದಾಗುವಂಥದ್ದನ್ನು ಯಾಕೆ ಹೇಳುವುದು ಎಂದು ನಾನೂ, ಬಹುಶಃ ಅವಳೂ.

“ಹೇಗಿದ್ದೀಯೆ ಅಕ್ಕ?” ಎಂದಳು.

ಚೆನ್ನಾಗಿದ್ದೀನಿ ಎನ್ನಲು ಬಾಯಿ ತೆರೆದೆ. ನಲ್ಲಿ ಇನ್ನೂ ಸುರಿಯುತ್ತಿತ್ತು. ನಿಲ್ಲಿಸಿದೆ.

“ಇಲ್ಲ ಕಣೆ ನಾಗು. ಚೆನ್ನಾಗಿಲ್ಲ. ಮೈಗೇನೂ ಆಗಿಲ್ಲ. ದಿನಗಟ್ಟಲೆ ಒಂದು ಮಾತಿರಲ್ಲ ಈ ಮನೇಲಿ. ಭಯ ಆಗುತ್ತೆ.”

ಆ ಕಡೆಯಿಂದ ಬಂದದ್ದು ಬೇರೆಯದೇ ದನಿ, ಚಿಕ್ಕಂದಿನಲ್ಲಿ ಒಂದೇ ಹೊದಿಕೆಯೊಳಗೆ ಮಾತಾಡುತ್ತಿದ್ದಾಗಿನದು. “ನಂಗೂ ಕಣೆ” ಎಂದಳು.